ಮನೆಯ ಚಡವಿಗೆ ಯಾವ ಎಂಜಿನ್?

ಕಾರು ತಗೊಳ್ಳುವ ಮೊದಲು ವರ್ಕ್‌ಶಾಪಿಗೆ ಬಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಅಣ್ಣಾ, ದಿನದ ಓಡಾಟಕ್ಕೆ ಒಂದು ಲೀಟರ್ ಎಂಜಿನ್ ಸಾಕಾ, 1.2 ಬೇಕಾ?’ ನಾನು ತಿರುಗಿ ಕೇಳುವುದು ಇಷ್ಟೆ: ‘ನಿಮ್ಮ ಮನೆಗೆ ಚಡವು, ಅಂದರೆ ಕಡಿದಾದ ಏರು ದಾರಿ, ಇದೆಯಾ?’

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರದ ಹೆದ್ದಾರಿ ಬದಿಯವರಿಗೆ ಇದು ಸಂಬಂಧವಿಲ್ಲದ ಮಾತು ಅನಿಸುತ್ತದೆ. ಪೆರ್ಲ, ಬಾಯಾರು, ಮುಳ್ಳೇರಿಯ, ಅಡೂರು ಕಡೆಯವರಿಗೆ ಕೂಡಲೇ ಅರ್ಥವಾಗುತ್ತದೆ. ಅಲ್ಲಿ ರಸ್ತೆ ಗುಡ್ಡದ ಮೇಲೆ, ತೋಟ ಕೆಳಗೆ, ಮನೆ ಎರಡರ ನಡುವೆ. ಬೆಳಗ್ಗೆ ಅಂಗಳದಿಂದ ಹೊರಡುವುದೇ ಫಸ್ಟ್ ಗೇರಿನಲ್ಲಿ, ತಣ್ಣಗಿರುವ ಎಂಜಿನ್‌ನಲ್ಲಿ, ಕಾರು ತುಂಬಾ ಜನ ಕೂತು. ಎಂಜಿನ್ ಆರಿಸುವಾಗ ಮೊದಲು ನೋಡಬೇಕಾದ್ದು ನಿಮ್ಮ ದಿನದ ದಾರಿಯಲ್ಲಿ ಅತಿ ಕಷ್ಟದ ಆ ಐವತ್ತು ಮೀಟರ್. ಸಿಸಿ ಲೆಕ್ಕ (ಎಂಜಿನ್ ಗಾತ್ರ, ಸಾವಿರ ಸಿಸಿ ಅಂದರೆ ಒಂದು ಲೀಟರ್) ಆಮೇಲೆ.

ಎರಡು ಎಂಜಿನ್ ಹೋಲಿಸಲು ಒಂದೇ ಕಾರು ಸಿಕ್ಕರೆ ಸುಲಭ. ಮಾರುತಿ ವ್ಯಾಗನ್ ಆರ್ ಹಾಗೆ ಸಿಗುತ್ತದೆ. ಒಂದು 998 ಸಿಸಿ, ಮೂರು ಸಿಲಿಂಡರ್, 67 ಎಚ್‌ಪಿ, 89 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಇನ್ನೊಂದು 1,197 ಸಿಸಿ, ನಾಲ್ಕು ಸಿಲಿಂಡರ್, 90 ಎಚ್‌ಪಿ, 113 ಎನ್‌ಎಂ. ಕಂಪನಿ ಹೇಳುವ ಮೈಲೇಜ್ ಗೇರಿನ ಕಾರಿಗೆ ಕ್ರಮವಾಗಿ 24.35 ಮತ್ತು 23.56. ಪೂರ್ತಿ ಒಂದು ಕಿಲೋಮೀಟರಿನ ವ್ಯತ್ಯಾಸವೂ ಇಲ್ಲ! ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುವವರಿಗೆ ಲೆಕ್ಕದ ಪ್ರಕಾರ ಹದಿನಾಲ್ಕು ಲೀಟರ್ ಪೆಟ್ರೋಲ್ ಹೆಚ್ಚು ಬೇಕು, ಅಷ್ಟೆ. ಅದೂ ಪರೀಕ್ಷೆಯ ಮೈಲೇಜ್. ಭಾರ ಹೊತ್ತು ಏರು ದಾರಿಯಲ್ಲೇ ಓಡುವಾಗ ಎರಡರದ್ದೂ ಇಳಿಯುತ್ತದೆ. ಸಣ್ಣ ಎಂಜಿನ್‌ನದ್ದು ಜಾಸ್ತಿ ಇಳಿಯುತ್ತದೆ, ಯಾಕೆಂದರೆ ಅದನ್ನು ಕೆಳಗಿನ ಗೇರಿನಲ್ಲಿ ಕಿರುಚಿಸುತ್ತಲೇ ಓಡಿಸಬೇಕು.

ಈಗ ಚಡವಿನ ಲೆಕ್ಕ. ವ್ಯಾಗನ್ ಆರ್ ಖಾಲಿ ಇರುವಾಗ ಎಂಟುನೂರು ಕೆಜಿಗಿಂತ ಸ್ವಲ್ಪ ಹೆಚ್ಚು. ಐದು ಜನ ಕೂತು ಹಿಂದೆ ಒಂದು ಗೋಣಿ ಅಡಿಕೆ ಹಾಕಿದರೆ 1,150 ದಾಟುತ್ತದೆ. ಐದು ಮೀಟರ್ ಮುಂದೆ ಹೋಗುವಾಗ ಒಂದು ಮೀಟರ್ ಮೇಲೇರುವ ಕಾಂಕ್ರೀಟ್ ದಾರಿ ನಮ್ಮಲ್ಲಿ ಅಪರೂಪ ಅಲ್ಲ. ಅಂಥ ಕಡೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಈ ಭಾರ ಮೇಲೇರಲು ಹನ್ನೆರಡು ಹದಿಮೂರು ಎಚ್‌ಪಿ ಬೇಕು. 67ರಲ್ಲಿ 13 ಏನು ಮಹಾ ಅನಿಸಬಹುದು. ಆದರೆ ಆ 67 ಸಿಗುವುದು ಎಂಜಿನ್ ಐದು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಿ ತಿರುಗುವಾಗ. 1,500 ಆರ್‌ಪಿಎಂನಲ್ಲಿ ಅದರ ಕೈಯಲ್ಲಿರುವುದು ಹದಿನೈದರ ಆಸುಪಾಸು. ಎಸಿ ಹಾಕಿದರೆ ಅದರಲ್ಲಿ ಮೂರು ನಾಲ್ಕು ಕಂಪ್ರೆಸರ್‌ಗೆ ಹೋಗುತ್ತದೆ. ಬೇಕಾದದ್ದಕ್ಕೂ ಇರುವುದಕ್ಕೂ ಸರಿಸಮ. ನಡುವೆ ಒಂದು ಆಟೋ ಎದುರು ಬಂದು ನಿಲ್ಲಿಸಬೇಕಾಯಿತು ಅನ್ನಿ. ಮತ್ತೆ ಹೊರಡಲು ಏನೂ ಉಳಿದಿರುವುದಿಲ್ಲ.

ಆಗ ಡ್ರೈವರ್ ಏನು ಮಾಡುತ್ತಾರೆ? ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು 2,500, 3,000ಕ್ಕೆ ಏರಿಸುತ್ತಾರೆ. ಹಾಫ್ ಕ್ಲಚ್‌ನಲ್ಲಿ ಮೆಲ್ಲ ಬಿಡುತ್ತಾರೆ. ಎಂಜಿನ್ ಜೋರಾಗಿ ತಿರುಗುತ್ತಿದೆ, ಚಕ್ರ ಇನ್ನೂ ನಿಂತಿದೆ. ನಡುವಿನ ವ್ಯತ್ಯಾಸ ಪೂರ್ತಿ ಕ್ಲಚ್ ಪ್ಲೇಟಿನ ತಿಕ್ಕಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ ಪ್ಲೇಟಿನ ಲೈನಿಂಗ್‌ನದ್ದು. ಗೇರ್ ಬಾಕ್ಸ್ ಇಳಿಸಿ ನೋಡಿದರೆ ಪ್ರೆಶರ್ ಪ್ಲೇಟ್ ನೀಲಿಗಟ್ಟಿರುತ್ತದೆ. ಫ್ಲೈವೀಲ್ ಮೇಲೆ ಕೂದಲೆಳೆಯ ಬಿರುಕು ಕಾಣುತ್ತದೆ. ಹೆದ್ದಾರಿ ಬದಿಯ ಮನೆಯವರ ಕ್ಲಚ್ ಲಕ್ಷ ಕಿ.ಮೀ. ಸಮೀಪ ಹೋದರೂ ಗಟ್ಟಿ ಇರುವುದನ್ನು ನೋಡುತ್ತೇನೆ. ಅದೇ ಕಾರು, ಅದೇ ಎಂಜಿನ್, ಮನೆ ಮಾತ್ರ ಚಡವಿನ ಮೇಲೆ. ಅರ್ಧ ದಾರಿಗೇ ಪ್ಲೇಟ್ ಮುಗಿದಿರುತ್ತದೆ. ‘ಕಂಪನಿ ಮಾಲೇ ಸರಿ ಇಲ್ಲ’ ಎಂದು ಮನೆಯವರು ಬೈಯುತ್ತಾರೆ. ಮಾಲು ಸರಿಯಾಗಿಯೇ ಇದೆ. ಆ ಮನೆಗೆ ಆ ಎಂಜಿನ್ ಹೊಂದಲಿಲ್ಲ.

ಎಎಂಟಿ, ಅಂದರೆ ತಾನೇ ಗೇರ್ ಬದಲಿಸುವ ಕಾರಿನವರು ಇಲ್ಲಿ ಇನ್ನೂ ಜಾಗ್ರತೆ ವಹಿಸಬೇಕು. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಕ್ಲಚ್ ಇಲ್ಲ ಅಂತಲ್ಲ. ಒಳಗೆ ಅದೇ ಪ್ಲೇಟ್ ಇದೆ, ಒತ್ತುವ ಬಿಡುವ ಕೆಲಸ ಮಾತ್ರ ಮೆಷಿನ್ ಮಾಡುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬಿಡಿ. ನಿಲ್ಲುವಾಗ ಬ್ರೇಕ್, ಹೊರಡುವಾಗ ಹ್ಯಾಂಡ್‌ಬ್ರೇಕ್.

1.2ರ ಗರಿಷ್ಠ ಟಾರ್ಕ್ 4,400 ಆರ್‌ಪಿಎಂನಲ್ಲಿ, ಒಂದು ಲೀಟರಿನದ್ದು 3,500ರಲ್ಲಿ. ಕಾಗದದ ಮೇಲೆ ನೋಡಿದರೆ ಸಣ್ಣದರ ಪಿಕಪ್ಪೇ ಬೇಗ ಸಿಗುತ್ತದೆ ಅನಿಸಬಹುದು. ಓಡಿಸಿ ನೋಡಿದರೆ ಹಾಗಲ್ಲ. ದೊಡ್ಡ ಎಂಜಿನ್ ತನ್ನ ಗರಿಷ್ಠ ಮುಟ್ಟುವ ಎಷ್ಟೋ ಮೊದಲೇ, ಕೆಳಗಿನ ಆರ್‌ಪಿಎಂನಲ್ಲೇ, ಸಣ್ಣದಕ್ಕಿಂತ ಹೆಚ್ಚು ಎಳೆಯುತ್ತದೆ. ಚಡವಿನ ಬುಡದಲ್ಲಿ ನಿಮಗೆ ಬೇಕಾದದ್ದು ಅದೇ.

ದುಡ್ಡಿನ ಮಾತಿಗೆ ಬರೋಣ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಾವಿರ ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ 1,500 ಸಿಸಿವರೆಗೆ 3,416 ರೂಪಾಯಿ. ತೆರಿಗೆ ಬೇರೆ. ಹೊಸ ಕಾರುಗಳಲ್ಲಿ 998, 1,197, 1,199, 1,497 ಅನ್ನುವ ಸಂಖ್ಯೆಗಳು ಸುಮ್ನೆ ಬಂದದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದದ ಒಳಗಿನ ಕಾರಿಗೆ ಶೇ. 18 ಜಿಎಸ್‌ಟಿ. ಆದರೆ ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿ ಮೀರಬಾರದು. ಮೀರಿದರೆ ಶೇ. 40. ಕೇರಳದ ಒಂದೇ ಸಲದ ರಸ್ತೆ ತೆರಿಗೆಯೂ ಬೆಲೆ ಏರಿದ ಹಾಗೆ ಏರುತ್ತದೆ. ಹಾಗಾಗಿ ಪೆಟ್ರೋಲ್‌ನಲ್ಲಿ 1.2 ದಾಟಿ 1.5ಕ್ಕೆ ಹೋಗಬೇಕಾದರೆ ಗಟ್ಟಿ ಕಾರಣ ಬೇಕು. ದಿನದ ಪೇಟೆ, ಶಾಲೆ, ಆಸ್ಪತ್ರೆಯ ಓಡಾಟಕ್ಕೆ ಅಂಥ ಕಾರಣ ನನಗೆ ಕಾಣುವುದಿಲ್ಲ. ಒಂದು ಲೀಟರಿನಿಂದ 1.2ಕ್ಕೆ ಹೋಗುವುದು ಮಾತ್ರ ಬೇರೆಯೇ ವಿಷಯ. ಎರಡೂ ಶೇ. 18ರ ಒಳಗೇ ಇವೆ. ಇನ್ಶೂರೆನ್ಸ್ ಮತ್ತು ಪೆಟ್ರೋಲ್ ಸೇರಿ ವರ್ಷಕ್ಕೆ ಎರಡೂವರೆ ಮೂರು ಸಾವಿರ ಜಾಸ್ತಿ ಆಗಬಹುದು. ಒಮ್ಮೆ ಕ್ಲಚ್ ಸೆಟ್ ಬದಲಿಸುವ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ.

ಗಾಳಿಯನ್ನು ಒತ್ತಿ ತುಂಬುವ ಸಣ್ಣ ಟರ್ಬೋ ಎಂಜಿನ್ ಬಂದ ಮೇಲೆ ಸಿಸಿ ನೋಡಿ ಶಕ್ತಿ ಅಳೆಯುವ ಕಾಲ ಹೋಯಿತು. ಹ್ಯುಂಡೈ ವೆನ್ಯೂವಿನ 998 ಸಿಸಿ ಟರ್ಬೋ 120 ಎಚ್‌ಪಿ ಕೊಡುತ್ತದೆ. ಅದರದ್ದೇ ಟರ್ಬೋ ಇಲ್ಲದ 1.2 ಎಂಜಿನ್‌ಗೆ 83. ಟರ್ಬೋದ 172 ಎನ್‌ಎಂ ಟಾರ್ಕ್ 1,500 ಆರ್‌ಪಿಎಂನಿಂದಲೇ ಸಿಗುತ್ತದೆ. ಇನ್ಶೂರೆನ್ಸ್‌ಗೆ ಮಾತ್ರ ಇದೂ ಸಾವಿರ ಸಿಸಿ ಒಳಗಿನ ಕಾರೇ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಸಾವಿರ ಮೀಟರ್ ಎತ್ತರಕ್ಕೆ ಹೋದಾಗ ಗಾಳಿ ತೆಳುವಾಗಿ ಸಾಮಾನ್ಯ ಎಂಜಿನ್ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೋ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ.

ಆದರೂ ಟರ್ಬೋ ಎಲ್ಲರಿಗೂ ಅಂತ ನಾನು ಹೇಳಲಾರೆ. 1,500 ಆರ್‌ಪಿಎಂ ಕೆಳಗೆ ಅದು ಬರಿಯ ಒಂದು ಲೀಟರ್ ಎಂಜಿನ್. ನಿಂತಲ್ಲಿಂದ ಏರು ಹತ್ತುವಾಗ ಮೊದಲ ಕ್ಷಣ ಅದೂ ತಡವರಿಸುತ್ತದೆ. ಆಯಿಲ್ ವಿಷಯದಲ್ಲಿ ಉದಾಸೀನ ಅದಕ್ಕೆ ಆಗುವುದೇ ಇಲ್ಲ. ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಅದನ್ನು ಕಾಯುವುದು ತೆಳುವಾದ ಆಯಿಲ್ ಪದರ. ಚಡವು ಹತ್ತಿ ಅಂಗಳ ಮುಟ್ಟಿದ ಕೂಡಲೇ ಎಂಜಿನ್ ಆಫ್ ಮಾಡಿದರೆ ಕೆಂಡದಂತಿರುವ ಟರ್ಬೋದೊಳಗೆ ಆಯಿಲ್ ನಿಂತು ಕರಿ ಕಟ್ಟುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ. ಇಷ್ಟು ತಾಳ್ಮೆ ಮನೆಯಲ್ಲಿ ಎಲ್ಲರಿಗೂ ಇದೆಯಾ ಅಂತ ನೋಡಿಕೊಂಡೇ ಟರ್ಬೋ ತಗೊಳ್ಳಿ.

‘ಹಳೇ ಸ್ವಿಫ್ಟ್ ಡೀಸೆಲ್ ಹಾಗೆ ಎಳೆಯುವುದು ಬೇರೆ ಇಲ್ಲ’ ಎನ್ನುವವರ ಮಾತು ಸುಳ್ಳಲ್ಲ. 1,248 ಸಿಸಿಯ ಆ ಎಂಜಿನ್ 2,000 ಆರ್‌ಪಿಎಂಗೇ 190 ಎನ್‌ಎಂ ಕೊಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಈಗ ಸಿಗುವ ಡೀಸೆಲ್ ಕಾರುಗಳ ಸೈಲೆನ್ಸರ್ ಕಡೆ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿ ಸುಟ್ಟು ಹೋಗಬೇಕಾದರೆ ಕಾರು ಒಳ್ಳೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಬದಿಯಡ್ಕ ಪೇಟೆಗೆ ನಾಲ್ಕು ಕಿ.ಮೀ. ಹೋಗಿ ಬರುವ ಕಾರಿನಲ್ಲಿ ಅದು ಆಗುವುದಿಲ್ಲ. ಲೈಟ್ ಹತ್ತುತ್ತದೆ, ಎಳೆತ ಬೀಳುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಮಂಗಳೂರಿಗೆ ಹೋಗುವವರಾದರೆ ಮಾತ್ರ ಡೀಸೆಲ್ ಯೋಚಿಸಿ.

ಒಂದು ಲೀಟರ್ ಎಂಜಿನ್ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಮಟ್ಟದ ರಸ್ತೆ, ಕಾರಿನಲ್ಲಿ ಒಬ್ಬರೋ ಇಬ್ಬರೋ, ಯಾವಾಗಾದರೊಮ್ಮೆ ತಲಪಾಡಿ ದಾಟಿ ಮಂಗಳೂರು. ಇಷ್ಟಕ್ಕೆ ಅದು ಧಾರಾಳ ಸಾಕು. ಆರು ಪಥದ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಆರಾಮ ಹೋಗುತ್ತದೆ. ಅಂಥವರಿಗೆ 1.2 ಕೊಳ್ಳುವುದು ಬೇಡವಾದ ಖರ್ಚು, ಆ ದುಡ್ಡಿಗೆ ಏರ್‌ಬ್ಯಾಗ್ ಹೆಚ್ಚಿರುವ ಮಾಡೆಲ್ ತಗೊಳ್ಳಿ ಎಂದೇ ಹೇಳುತ್ತೇನೆ. ಸಿಎನ್‌ಜಿ ಆದರೆ ಅದೇ 998 ಸಿಸಿ ಎಂಜಿನ್ 57 ಎಚ್‌ಪಿಗೆ ಇಳಿಯುತ್ತದೆ, ಸಿಲಿಂಡರಿನ ಭಾರವೂ ಸೇರುತ್ತದೆ. ಚಡವಿನ ಮನೆಗೆ ಅದು ಬೇಡ.

ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ಮೇಲೆ ಚಕ್ರ ಜಾರುವುದಕ್ಕೆ ದೊಡ್ಡ ಎಂಜಿನ್ ಮದ್ದಲ್ಲ. ಈ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರ ಹಿಂದಕ್ಕೆ ಹೋಗಿ ಮುಂದಿನ ಹಿಡಿತ ಸಡಿಲವಾಗುತ್ತದೆ. ಶಕ್ತಿ ಹೆಚ್ಚಿದ್ದಷ್ಟೂ ಬೇಗ ಜಾರುತ್ತದೆ. ಒಳ್ಳೇ ಟೈರ್ ಹಾಕಿಸಿ, ಜೂನ್‌ಗೆ ಮೊದಲು ಪಾಚಿ ಕೆರೆಸಿ, ಹೊಸದಾಗಿ ಕಾಂಕ್ರೀಟ್ ಹಾಕಿಸುವವರು ಅಡ್ಡ ಗೀರು ಹಾಕಿಸಿ.

ಟೆಸ್ಟ್ ಡ್ರೈವ್‌ಗೆ ಶೋರೂಮಿನ ಎದುರಿನ ರಸ್ತೆ ಸಾಲದು. ಕಾರನ್ನು ಮನೆಗೇ ತರಲು ಹೇಳಿ, ಕೇಳಿದರೆ ಹೆಚ್ಚಿನವರು ತರುತ್ತಾರೆ. ಮನೆಯವರನ್ನೆಲ್ಲ ಕೂರಿಸಿ ಎಸಿ ಹಾಕಿ. ಚಡವಿನ ಅತಿ ಕಡಿದಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅಲ್ಲಿಂದ ಮತ್ತೆ ಹೊರಡಿ. ದಿನಾ ಕಾರು ಓಡಿಸುವವರೇ, ಅಂದರೆ ಮಗಳೋ ಹೆಂಡತಿಯೋ, ಇದನ್ನು ಮಾಡಬೇಕು. ಎಂಜಿನ್ ಗಡಗಡ ನಡುಗಿದರೆ, ಇಲ್ಲವೇ ಎರಡನೇ ಸಲಕ್ಕೇ ಕ್ಲಚ್ ವಾಸನೆ ಬಂದರೆ, ಅದೇ ಕಾರಿನ 1.2 ತರಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿ.