ಕಾರ್ಬನ್ ಡಾಟ್‌ನ ಬೆಳಕೋ, ನೀರಿನ ಬೆಳಕೋ?

ಮೂರು ದಿನ ಒಂದೇ ಗ್ರಾಫ್ ಹಿಡಿದು ಕೂತಿದ್ದೆ. ನಿನ್ನೆ ಸಂಜೆ ಅರ್ಥವಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನೀವೂ ಕಾರ್ಬನ್ ಡಾಟ್ ಮಾಡಿ ಜೀವಕೋಶದೊಳಗೆ ನೋಡಲು ಹೊರಟಿದ್ದರೆ ಈ ಒಂದು ವಿಷಯ ಮೊದಲೇ ಗೊತ್ತಿರಲಿ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಕಾರ್ಬನ್ ಡಾಟ್ ಅಂದರೆ ಸಾಮಾನ್ಯವಾಗಿ 10 ನ್ಯಾನೊಮೀಟರ್‌ಗಿಂತ ಚಿಕ್ಕದಾದ, ಹೊಳೆಯುವ ಇಂಗಾಲದ ಕಣ. 2004ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಶುದ್ಧ ಮಾಡುವಾಗ ಮಸಿಯಿಂದ ಬೇರ್ಪಟ್ಟ ಭಾಗ ಹೊಳೆದದ್ದು ಕಂಡಿತು. 2006ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಯಾ-ಪಿಂಗ್ ಸುನ್ ಅವರ ತಂಡ ಕಣದ ಮೇಲ್ಮೈಗೆ ಪಾಲಿಮರ್ ಹೊದಿಸಿ ಹೊಳಪು ಹೆಚ್ಚಿಸಿತು. ಕ್ವಾಂಟಮ್ ಡಾಟ್ ಎಂಬ ಹೊಳೆಯುವ ಕಣಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿದ್ದರೆ ಅವನ್ನು ಜೀವಂತ ಕೋಶಕ್ಕೆ ಹಾಕಲು ಹೆದರಬೇಕು. ಇಲ್ಲಿ ಆ ಲೋಹದ ಭಯವಿಲ್ಲ. 2012ರಲ್ಲಿ ಒಡಿಶಾದ ಸಂಶೋಧಕರು ಕಿತ್ತಳೆ ರಸವನ್ನು 120 ಡಿಗ್ರಿಯಲ್ಲಿ ಬೇಯಿಸಿ ಡಾಟ್ ಮಾಡಿ, ಅದರಿಂದ ಮೂಳೆ ಕ್ಯಾನ್ಸರ್ ಕೋಶಗಳನ್ನು ಬೆಳಗಿಸಿ ತೋರಿಸಿದರು. ಅದನ್ನು ಓದಿಯೇ ನಾನು ನಿಂಬೆ ರಸದಲ್ಲಿ ಶುರು ಮಾಡಿದ್ದು.

ಆಟೋಕ್ಲೇವ್‌ನಿಂದ (ಬಿಗಿಯಾಗಿ ಮುಚ್ಚಿ ಒತ್ತಡದಲ್ಲಿ ಬೇಯಿಸುವ ಪಾತ್ರೆ) ತೆಗೆದಾಗ ದ್ರವ ಡಿಕಾಕ್ಷನ್ ಬಣ್ಣದಲ್ಲಿತ್ತು. ಸೋಸಿ, ಪುಟ್ಟ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿಟ್ಟು, ನೀರು ಬದಲಿಸುತ್ತಾ ಹೋದೆ. ಒಳಗೆ ಉಳಿದದ್ದು ತೆಳು ಹಳದಿ. 365 ನ್ಯಾನೊಮೀಟರ್ ಟಾರ್ಚ್ ಹಿಡಿದರೆ ನೀಲಿ ಹೊಳಪು, ಆದರೆ ಮಂಕು. ಡಯಾಲಿಸಿಸ್ ಬಿಡಬೇಡಿ. ಸಿಟ್ರಿಕ್ ಆಮ್ಲದಂಥದ್ದನ್ನು ಬೇಯಿಸಿದಾಗ ಹೊಳೆಯುವ ಪುಟ್ಟ ಅಣುಗಳೂ ಹುಟ್ಟುತ್ತವೆ. ಅವು ಹೊರಗೆ ಹೋಗದಿದ್ದರೆ ನೀವು ಅಳೆಯುವುದು ಡಾಟ್ ಅಲ್ಲ, ಅವುಗಳನ್ನು.

ಈಗ ನನ್ನ ಸಿಕ್ಕು. ಡಾಟ್ ಬಗ್ಗೆ ಎಲ್ಲರೂ ಹೇಳುವ ಮಾತು: ಹಾಕುವ ಬೆಳಕಿನ ತರಂಗಾಂತರ (ಅಲೆಯ ಉದ್ದ) ಬದಲಿಸಿದರೆ ಹೊರಬರುವ ಬಣ್ಣವೂ ಬದಲಾಗುತ್ತದೆ. ಒಂದೇ ಬಗೆಯ ಅಣುವಿನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಹಾಗಾಗಿ ಹೊರಬರುವ ಬೆಳಕನ್ನು ಅಳೆಯುವ ಯಂತ್ರದಲ್ಲಿ ಬಂದ ನನ್ನ ಗ್ರಾಫಿನಲ್ಲೂ ಪೀಕ್ (ಶಿಖರ) ಜರುಗಿದಾಗ ತುಂಬಾ ಖುಷಿಯಾಯಿತು. 350 ನ್ಯಾನೊಮೀಟರ್ ಬೆಳಕು ಹಾಕಿದರೆ 397ರಲ್ಲಿ ಚೂಪಾದ ಪೀಕ್. 400ಕ್ಕೆ 463. 450ಕ್ಕೆ 531. ನೋಟ್‌ಬುಕ್ಕಿನಲ್ಲಿ "ಹಸಿರು ಹೊಳಪು, 531" ಎಂದು ಬರೆದೂ ಬಿಟ್ಟೆ.

ಆಮೇಲೆ ಸುಮ್ನೆ ಬರೀ ನೀರಿಟ್ಟು ನೋಡಿದೆ. ಅದೇ ಪೀಕ್, ಅದೇ ಜಾಗದಲ್ಲಿ!

ಅದು ನೀರಿನ ರಾಮನ್ ಚದುರಿಕೆ. ಬೆಳಕು ನೀರಿಗೆ ಬಡಿದಾಗ ಒಂದಿಷ್ಟು ಶಕ್ತಿಯನ್ನು ಆಕ್ಸಿಜನ್-ಹೈಡ್ರೋಜನ್ ಬಂಧದ ಕಂಪನಕ್ಕೆ ಕೊಟ್ಟು ಹೊರಬರುತ್ತದೆ. 1928ರಲ್ಲಿ ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ತೋರಿಸಿಕೊಟ್ಟದ್ದು ಇದೇ ಪರಿಣಾಮ. ಮಾದರಿ ಮಂಕಾಗಿದ್ದಾಗ ನಾವು ಯಂತ್ರದಲ್ಲಿ ಬೆಳಕು ಹಾಯುವ ಸೀಳು, ಅಂದರೆ ಸ್ಲಿಟ್ ಅಗಲ ಮಾಡುತ್ತೇವೆ, ಬೆಳಕು ಹಿಡಿಯುವ ಡಿಟೆಕ್ಟರ್‌ನ ವೋಲ್ಟೇಜ್ ಏರಿಸುತ್ತೇವೆ. ಆಗ ನೀರಿನ ಪೀಕ್ ಎದ್ದು ನಿಲ್ಲುತ್ತದೆ.

ಆದರೂ ನಾನು ಒಪ್ಪಲಿಲ್ಲ. ಕಾರಣ ಇದು: ನೀರು ಕಸಿಯುವ ಶಕ್ತಿ ಯಾವಾಗಲೂ ಒಂದೇ ಅಂದಮೇಲೆ ಅಂತರವೂ ಒಂದೇ ಇರಬೇಕು ಅಲ್ವಾ? ನನ್ನ ಅಂತರ 47, 63, 81 ನ್ಯಾನೊಮೀಟರ್. ಜಾಸ್ತಿಯಾಗುತ್ತಲೇ ಇದೆ. ಇಲ್ಲೇ ನಾನು ಎರಡು ದಿನ ಸಿಕ್ಕಿಕೊಂಡೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಶಕ್ತಿ ತರಂಗಾಂತರದಂತೆ ಏರುವುದಿಲ್ಲ, ಅದಕ್ಕೆ ತಿರುವುಮುರುವಾಗಿ ಇಳಿಯುತ್ತದೆ. ಆದ್ದರಿಂದ ನ್ಯಾನೊಮೀಟರ್‌ನಲ್ಲಿ ಕಳೆಯಬಾರದು. ಮೊದಲು ತರಂಗಸಂಖ್ಯೆಗೆ, ಅಂದರೆ ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕಕ್ಕೆ ಬದಲಿಸಬೇಕು. ಒಂದು ಸೆಂಟಿಮೀಟರ್ ಅಂದರೆ 1 ಕೋಟಿ ನ್ಯಾನೊಮೀಟರ್. 350ಕ್ಕೆ: 1 ಕೋಟಿಯನ್ನು 350ರಿಂದ ಭಾಗಿಸಿ, 28,571. ನೀರಿನ ಪಾಲು ಸುಮಾರು 3,400 ಕಳೆಯಿರಿ, 25,171. ಮತ್ತೆ 1 ಕೋಟಿಯನ್ನು ಇದರಿಂದ ಭಾಗಿಸಿ, 397. 450ಕ್ಕೂ ಮಾಡಿ: 22,222, ಕಳೆದರೆ 18,822, ತಿರುಗಿಸಿದರೆ 531. ಮೂರೂ ಕಡೆ ಕಳೆದದ್ದು ಅದೇ 3,400. ಈಗ ಯಂತ್ರದ ಮುಂದೆ ಕೂರುವ ಮೊದಲೇ ಈ ಲೆಕ್ಕ ಮಾಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಇನ್ನೊಂದು ಸುಳಿವು ಆಕಾರ. ನೀರಿನ ಪೀಕ್ ಸೂಜಿಯಂತೆ ಚೂಪು. ಡಾಟ್‌ನದು ಗುಡ್ಡದಂತೆ ಅಗಲ. 350 ಹಾಕಿದಾಗ ನನ್ನ ಗುಡ್ಡ 440ರ ಸುತ್ತ ಇತ್ತು, ಸೂಜಿ ಅದರ ಎಡಕ್ಕೆ. 400ರಲ್ಲಿ ಸೂಜಿ ಗುಡ್ಡದ ಮೇಲೆಯೇ ಕೂತಿದ್ದರಿಂದ ಎರಡೂ ಒಂದೇ ಅಂದುಕೊಂಡೆ. ಬರೀ ನೀರಿನ ಗ್ರಾಫ್ ಕಳೆದ ಮೇಲೆ ಗುಡ್ಡ ಮಾತ್ರ ಉಳಿಯಿತು. ಅದೂ ಜರುಗುತ್ತದೆ, ನಿಜ. ಅದಕ್ಕೆ ಹೆಚ್ಚಾಗಿ ಕೊಡುವ ಕಾರಣ, ದ್ರವದಲ್ಲಿರುವ ಕಣಗಳೆಲ್ಲ ಒಂದೇ ಥರ ಇಲ್ಲ: ಗಾತ್ರ ಬೇರೆ, ಮೇಲ್ಮೈ ಬೇರೆ. ಜರಡಿ ಬದಲಿಸಿದಂತೆ ಒಂದೊಂದು ತರಂಗಾಂತರಕ್ಕೆ ಒಂದೊಂದು ಗುಂಪು ಸ್ಪಂದಿಸುತ್ತದೆ.

ಕೋಶದ ಭಾಗಕ್ಕೂ ಇದೇ ಎಚ್ಚರ ಬೇಕು. ಕೋಶಗಳು ತಾವಾಗಿಯೇ ಹೊಳೆಯುತ್ತವೆ. ಅವುಗಳಲ್ಲಿರುವ ಎನ್‌ಎಡಿಎಚ್ ಎಂಬ ಅಣು 340ರ ಬೆಳಕು ಹೀರಿ 460ರ ಸುತ್ತ ನೀಲಿ ಬೀರುತ್ತದೆ, ಹೆಚ್ಚುಕಮ್ಮಿ ನನ್ನ ಡಾಟ್‌ನ ಜಾಗದಲ್ಲೇ. ಆದ್ದರಿಂದ ನೀಲಿ ಚಿತ್ರ ಒಂದನ್ನೇ ನಂಬಬೇಡಿ, ಹಸಿರು ಚಾನೆಲ್‌ನಲ್ಲೂ ನೋಡಿ. ಡಾಟ್‌ಗಳನ್ನು ಹೆಚ್ಚಿನ ಪಾಲು ಕೋಶವೇ ಪೊರೆಯಲ್ಲಿ ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಕೋಶ ಶಕ್ತಿ ಖರ್ಚು ಮಾಡಬೇಕು. ತಣ್ಣಗಿದ್ದರೆ ಅದು ಹಾಗೆ ಮಾಡಲಾರದು. ಹಾಗಾಗಿ 4 ಡಿಗ್ರಿಯಲ್ಲಿ ಡಾಟ್ ಹಾಕಿದ ಕೋಶಗಳ ಒಂದು ತಟ್ಟೆ, 37ರಲ್ಲಿ ಒಂದು ತಟ್ಟೆ ಇಡುತ್ತಾರೆ. ತಣ್ಣಗಿನದರಲ್ಲಿ ಹೊಳಪು ತುಂಬಾ ಕಮ್ಮಿಯಾದರೆ ಡಾಟ್ ಒಳಹೋಗುವ ದಾರಿ ಇದೇ ಎನ್ನಲು ಒಂದು ಆಧಾರ ಸಿಕ್ಕಿತು.

ಮೂರನೆಯ ತಟ್ಟೆಗೆ ಡಾಟ್ ಹಾಕಲೇಬಾರದು, ಕೋಶದ ಸ್ವಂತ ಹೊಳಪು ಎಷ್ಟೆಂದು ಅದರಿಂದ ಗೊತ್ತಾಗುತ್ತದೆ. ಅದನ್ನು ಅದೇ ಗೇನ್ (ಸಂಕೇತ ಹಿಗ್ಗಿಸುವ ಮಟ್ಟ), ಅದೇ ಲೇಸರ್ ಶಕ್ತಿಯಲ್ಲಿ, ಎಲ್ಲಕ್ಕಿಂತ ಮೊದಲು ಫೋಟೋ ತೆಗೆಯಿರಿ. ನಾನು ನಾಳೆ ಅದರಿಂದಲೇ ಶುರು ಮಾಡುತ್ತೇನೆ.