ಎರಡನೇ ದರ್ಜೆಯ ಪ್ರಜೆ

ರೈಲಿನ ಬೋಗಿಗೆ ದರ್ಜೆ ಇರುತ್ತದೆ, ಪ್ರಜೆಗೆ ಇರುವುದಿಲ್ಲ. ಯಾವ ದೇಶವೂ ತನ್ನ ಪಾಸ್‌ಪೋರ್ಟಿನ ಮೇಲೆ 'ಎರಡನೇ ದರ್ಜೆ' ಎಂದು ಅಚ್ಚು ಹಾಕುವುದಿಲ್ಲ. ಆದರೂ ಈ ಮಾತು ಬಳಕೆಯಲ್ಲಿದೆ. ತೆರಿಗೆ ಕಟ್ಟುವಾಗ ಎಲ್ಲರ ಸಮ, ಸೌಲಭ್ಯ ಸಿಗುವಾಗ ಮಾತ್ರ ಒಂದು ಕೈ ಕಡಿಮೆ. ಇಂಥ ಸ್ಥಿತಿಯಲ್ಲಿ ಇರುವವರನ್ನು ಹೀಗೆ ಕರೆಯುತ್ತಾರೆ. ಸಲಿಂಗಿಗಳ ವಿಷಯ ಬಂದಾಗ ಈ ಪದ ಮತ್ತೆ ಮತ್ತೆ ಕೇಳಿಸುತ್ತದೆ.

ಮೊದಲು 'ಪ್ರಜೆ'ಯನ್ನೇ ನೋಡೋಣ. ಸಂಸ್ಕೃತದ 'ಪ್ರಜಾ' ಅಂದರೆ ಸಂತಾನ, ಮಕ್ಕಳು. ರಾಜನಿಗೆ ಜನ ಮಕ್ಕಳಿದ್ದ ಹಾಗೆ ಎಂದುಕೊಂಡಿದ್ದರಿಂದ ಅವನ ಆಳ್ವಿಕೆಯಲ್ಲಿ ಇರುವವರೂ ಪ್ರಜೆಗಳಾದರು. ಮಕ್ಕಳು ಅಂದಮೇಲೆ ಅಪ್ಪ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಈಗ ಕಾಲ ಬದಲಾಗಿದೆ, ಅದೇ ಪದಕ್ಕೆ ಹಕ್ಕುಳ್ಳವರು ಎಂಬ ಅರ್ಥ ಬಂದಿದೆ. ಆದರೆ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. 'ಸಲಿಂಗಿಗಳಿಗೆ ಹಕ್ಕು ಕೊಡಬೇಕಾ, ಬೇಡವಾ' ಎಂದು ಚರ್ಚೆ ನಡೆಯುತ್ತದೆ. ಕೊಡೋಕೆ ಕೂತವರು ಯಾರು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಇನ್ನೊಂದು ಪದ 'ಸಲಿಂಗಕಾಮಿ'. ಯುರೋಪಿನ ಭಾಷೆಗಳಲ್ಲಿ 'ಹೋಮೋಸೆಕ್ಷುಯಲ್' ಎಂಬ ಪದ ಮೊದಲು ಅಚ್ಚಾದದ್ದು 1869ರಲ್ಲಿ. ಕಾರ್ಲ್ ಮರಿಯಾ ಕೆರ್ಟ್‌ಬೆನಿ ಎಂಬ ಬರಹಗಾರ ಪ್ರಷ್ಯಾದ ಕಾನೂನಿನ ವಿರುದ್ಧ ತನ್ನ ಹೆಸರು ಹಾಕದೆ ಕರಪತ್ರ ಹೊರಡಿಸಿದ. ಅದರಲ್ಲಿ ಈ ಪದ ಇತ್ತು. ಅಂದರೆ ಅದು ಹುಟ್ಟಿದ್ದೇ ಹಕ್ಕಿನ ವಾದದಲ್ಲಿ. ಕನ್ನಡಕ್ಕೆ ಬರುವಾಗ ಅದರ ಬಾಲಕ್ಕೆ 'ಕಾಮಿ' ಅಂಟಿಕೊಂಡಿತು. ಗಂಡ ಹೆಂಡತಿಯನ್ನು ಯಾರೂ 'ವಿಲಿಂಗಕಾಮಿಗಳು' ಎಂದು ಪರಿಚಯ ಮಾಡಿಕೊಡುವುದಿಲ್ಲ. ಅವರಿಗೆ ಮನೆ ಇದೆ, ಸಂಸಾರ ಇದೆ, ಸಾಲ ಇದೆ, ಜಗಳ ಇದೆ. ಇವರಿಗೆ ಮಾತ್ರ ಬರೀ ಕಾಮ! ನನ್ನನ್ನು ಕೇಳಿದರೆ ದರ್ಜೆ ಇಳಿಯುವುದು ಇಲ್ಲಿಂದಲೇ ಶುರು. 'ಸಲಿಂಗಿ' ಅಂದರೆ ಸಾಕು, ಅರ್ಥ ಆಗುತ್ತದೆ.

'ಜೈಲಿಗೆ ಹಾಕುವುದಿಲ್ಲವಲ್ಲ, ಇನ್ನೇನು ಬೇಕು' ಎನ್ನುವವರಿದ್ದಾರೆ. ಜೈಲಿಗೆ ಹಾಕುವ ದೇಶಗಳು ಇವತ್ತಿಗೂ ಸುಮಾರು 60 ಇವೆ. ಉಗಾಂಡಾದ 2023ರ ಕಾನೂನಿನಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ. ಅಲ್ಲಿ ದರ್ಜೆಯ ಮಾತೇ ಬರುವುದಿಲ್ಲ, ಬದುಕಿ ಉಳಿಯುವುದೇ ದೊಡ್ಡದು. ಈ ಪದಕ್ಕೆ ನಿಜವಾದ ಕೆಲಸ ಇರುವುದು ಅಪರಾಧ ಅಲ್ಲ ಎಂದು ಹೇಳಿ ಆದ ಮೇಲೆ.

ಇಂಗ್ಲೆಂಡಿನದು ಒಳ್ಳೆಯ ಉದಾಹರಣೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಬ್ಬರು ಗಂಡಸರ ಸಂಬಂಧ ಅಪರಾಧವಲ್ಲ ಎಂದು ಕಾನೂನು ಬಂದದ್ದು 1967ರಲ್ಲಿ. ಆದರೆ ಷರತ್ತು ನೋಡಿ. ಗಂಡು ಹೆಣ್ಣಿನ ಸಂಬಂಧಕ್ಕೆ 16 ವರ್ಷ ತುಂಬಿದ್ದರೆ ಸಾಕು, ಇವರಿಗೆ 21. ಸೈನಿಕರಿಗೆ ಈ ಸಡಿಲಿಕೆ ಇಲ್ಲವೇ ಇಲ್ಲ. 1994ರಲ್ಲಿ 21 ಇಳಿದು 18 ಆಯಿತು. 16ಕ್ಕೆ ಬಂದು ಎರಡೂ ಸಮ ಆಗಲು 2000ದ ಕಾನೂನಿಗೆ ಕಾಯಬೇಕಾಯಿತು. ಸೇನೆಯ ಬಾಗಿಲು ತೆರೆದದ್ದೂ ಅದೇ ವರ್ಷ. ಅಪರಾಧಿಯಲ್ಲ ಎಂಬಲ್ಲಿಂದ ಸಮ ಎಂಬಲ್ಲಿಗೆ, ಅದೂ ಇದೊಂದೇ ವಿಷಯದಲ್ಲಿ, 33 ವರ್ಷ. ಮದುವೆಯ ಮಾತು ಆಗಿನ್ನೂ ದೂರ.

ಮದುವೆ ಅಂದರೆ ಎಲ್ಲರಿಗೂ ಮೆರವಣಿಗೆ, ಫೋಟೋ ನೆನಪಾಗುತ್ತದೆ. ಕಾನೂನಿಗೆ ಅದು ಬೇರೆಯೇ ವಸ್ತು. ಸಾವು, ಕಾಯಿಲೆ, ಆಸ್ತಿ, ಪಿಂಚಣಿ ಬಂದಾಗ 'ನೀವು ಇವರಿಗೆ ಏನಾಗಬೇಕು?' ಎಂಬ ಪ್ರಶ್ನೆಗೆ ಅದೊಂದು ಉತ್ತರ. ಅಮೆರಿಕದ ಈಡಿತ್ ವಿಂಡ್ಸರ್ ಮತ್ತು ಥಿಯಾ ಸ್ಪೈಯರ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಜೊತೆಗೆ ಬದುಕಿದವರು. 2007ರಲ್ಲಿ ಕೆನಡಾಗೆ ಹೋಗಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡಾಗ, ಈಡಿತ್ ಹೆಸರಿಗೆ ಬಂದ ಆಸ್ತಿಯ ಮೇಲೆ 3,63,053 ಡಾಲರ್ ತೆರಿಗೆ ಬಿತ್ತು. ತೀರಿಕೊಂಡದ್ದು ಗಂಡನಾಗಿದ್ದರೆ ಈ ತೆರಿಗೆ ಸೊನ್ನೆ. ಈಡಿತ್ ಕೋರ್ಟಿಗೆ ಹೋದರು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

ಜಿಮ್ ಒಬರ್ಗೆಫೆಲ್ ಕೇಳಿದ್ದು ದುಡ್ಡಿನ ವಿಷಯವೂ ಅಲ್ಲ. ಸಾಯುತ್ತಿದ್ದ ತಮ್ಮ ಸಂಗಾತಿ ಜಾನ್ ಆರ್ಥರ್ ಅವರನ್ನು ಬೇರೆ ರಾಜ್ಯಕ್ಕೆ ವಿಮಾನದಲ್ಲಿ ಕರೆದುಕೊಂಡು ಹೋಗಿ, ಆ ವಿಮಾನದೊಳಗೇ ಮದುವೆಯಾದರು. ಮರಣ ಪ್ರಮಾಣಪತ್ರದಲ್ಲಿ ಬಾಳಸಂಗಾತಿ ಎಂಬ ಜಾಗದಲ್ಲಿ ತನ್ನ ಹೆಸರು ಇರಬೇಕು ಎಂಬುದಷ್ಟೇ ಅವರ ಬೇಡಿಕೆ. ಅವರ ಓಹಾಯೋ ರಾಜ್ಯ ಆ ಮದುವೆಯನ್ನು ಮದುವೆ ಅಂತ ಒಪ್ಪುತ್ತಿರಲಿಲ್ಲ. ಒಂದು ಸಾಲು ಬರೆಸಲು ಹೊರಟ ಆ ಮೊಕದ್ದಮೆಯಿಂದಲೇ 2015ರಲ್ಲಿ ಇಡೀ ಅಮೆರಿಕದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಬಂತು. ಇದನ್ನು ಮೊದಲು ಒಪ್ಪಿದ ದೇಶ ನೆದರ್‌ಲ್ಯಾಂಡ್ಸ್, 2001ರಲ್ಲಿ. ಏಷ್ಯಾದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಒಪ್ಪಿದವು.

ಭಾರತ ಈ ಮೆಟ್ಟಿಲುಗಳ ನಡುವೆ ನಿಂತಿದೆ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯದಾಗಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿ ಮಾಡಿತು. ಆಗ ಕೊಟ್ಟ ಕಾರಣಗಳಲ್ಲಿ ಒಂದು, ಇಂಥವರು ದೇಶದ ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು ಎಂಬುದು. ಇದನ್ನು ಎರಡು ಸಲ ಓದಬೇಕು. ತಲೆ ಎಣಿಸಿ ಹಕ್ಕು ಅಳೆಯುವುದಾದರೆ ಹಕ್ಕು ಅನ್ನುವ ಪದವೇ ಬೇಡ, ಬಹುಮತ ಅಂದರೆ ಸಾಕು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಾಯಿತು. 2023ರಲ್ಲಿ ಮದುವೆಯ ಪ್ರಶ್ನೆ ಬಂದಾಗ ಅದೇ ಕೋರ್ಟ್, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ಜೊತೆಗೆ ಬಾಳಬಹುದು, ಆದರೆ ಕಾನೂನಿನ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಏನೂ ಅಲ್ಲ.

ಕಾನೂನು ಸರಿಯಾದರೆ ಸಮಾಜ ತಾನಾಗಿ ಸರಿಯಾಗುತ್ತದೆ ಎಂದೂ ಹೇಳುವ ಹಾಗಿಲ್ಲ. ಲೈಂಗಿಕ ಒಲವಿನ ಮೇಲೆ ತಾರತಮ್ಯ ಕೂಡದು ಎಂದು ಸಂವಿಧಾನದಲ್ಲೇ ಬರೆದುಕೊಂಡ ಮೊದಲ ದೇಶ ದಕ್ಷಿಣ ಆಫ್ರಿಕಾ. ಅಲ್ಲೇ ಸಲಿಂಗಿ ಹೆಂಗಸರನ್ನು 'ಸರಿ ಮಾಡುತ್ತೇವೆ' ಎಂದು ಅತ್ಯಾಚಾರ ಮಾಡಿದ ಪ್ರಕರಣಗಳೂ ನಡೆದಿವೆ. ಇಷ್ಟು ಕ್ರೂರವಲ್ಲದ ರೂಪಗಳು ಎಲ್ಲೆಡೆ ಇವೆ. ಆಫೀಸಿನಲ್ಲಿ ಒಬ್ಬರು ವಾರಾಂತ್ಯದ ಸುದ್ದಿ ಹೇಳುತ್ತಾ ಸುಮ್ನೆ 'ನನ್ನ ಹೆಂಡತಿ' ಅನ್ನುತ್ತಾರೆ. ಪಕ್ಕದವರು 'ನನ್ನ ಫ್ರೆಂಡ್' ಅಂದು ತಡವರಿಸುತ್ತಾರೆ. 'ಅವನು' ಅನ್ನಲೋ, 'ಅವರು' ಅಂದು ತೇಲಿಸಿಬಿಡಲೋ ಎಂದು ಪ್ರತಿ ವಾಕ್ಯಕ್ಕೂ ಲೆಕ್ಕ ಹಾಕುತ್ತಾರೆ. ಕನ್ನಡದ ಬಹುವಚನ ಇಲ್ಲಿ ಎಷ್ಟು ಜನರ ಮಾನ ಕಾಪಾಡಿದೆಯೋ!

'ಇವರು ವಿಶೇಷ ಹಕ್ಕು ಕೇಳುತ್ತಾರೆ' ಎಂಬ ಆಕ್ಷೇಪವೂ ಇದೆ. ಪಕ್ಕದ ಮನೆಯವರಿಗೆ ಆಗಲೇ ಇರುವುದನ್ನು ಕೇಳಿದರೆ ಅದರಲ್ಲಿ ವಿಶೇಷ ಏನಿದೆ?

ಈ ವಾದವನ್ನು ಬಹಳ ಮುಂಚೆ ಮಾಡಿದವರು ಫ್ರಾಂಕ್ ಕ್ಯಾಮೆನಿ. ಖಗೋಳ ವಿಜ್ಞಾನಿ. ಅಮೆರಿಕದ ಸೇನೆಯ ನಕ್ಷೆ ವಿಭಾಗದಲ್ಲಿ ಕೆಲಸದಲ್ಲಿದ್ದರು. ಸಲಿಂಗಿ ಎಂಬ ಕಾರಣಕ್ಕೆ 1957ರಲ್ಲಿ ಅವರನ್ನು ತೆಗೆದುಹಾಕಿದರು. ಜನಾಂಗ, ಧರ್ಮ ನೋಡಿ ಭೇದ ಮಾಡುವುದು ತಪ್ಪಾದರೆ ಇದೂ ಅಷ್ಟೇ ತಪ್ಪು ಎಂದು 1961ರಲ್ಲಿ ಸುಪ್ರೀಂ ಕೋರ್ಟಿಗೆ ತಾವೇ ಅರ್ಜಿ ಬರೆದರು. ಕೋರ್ಟ್ ಕೇಳಲು ಒಪ್ಪಲಿಲ್ಲ. 2009ರಲ್ಲಿ ಸರ್ಕಾರ ಅವರ ಕ್ಷಮೆ ಕೇಳಿತು, ಅವರು ಒಪ್ಪಿಕೊಂಡರು. ಆಗ ಅವರಿಗೆ 84 ವರ್ಷ.