ಮೊದಲ ಫೋಟೊ ಅವರದು

"ಒಂದು ನಿಮಿಷ ನಿಲ್ಲಿ, ಅಂಗಿ ಹಾಕಿ ಬರ್ತೇನೆ."

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ಅಂಗಡಿಗೆ ಕ್ಯಾಮೆರಾ ಹಿಡಿದು ಹೋದರೂ ಮೊದಲು ಕೇಳುವ ಮಾತು ಇದು. ಹೊಸದಾಗಿ ಫೋಟೊ ಕಲಿತವರಿಗೆ ಇದನ್ನು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಬನಿಯನ್, ಹೆಗಲ ಮೇಲೆ ಬೈರಾಸ, ಪಕ್ಕದಲ್ಲಿ ತೂಗುವ ನೇಂದ್ರ ಗೊನೆ, ಎಲ್ಲ ಸರಿಯಾಗಿ ಕೂಡಿ ಬಂದಿರುತ್ತದೆ. "ಬೇಡ ಅಣ್ಣ, ಹೀಗೇ ಚಂದ ಉಂಟು" ಅಂದುಬಿಡುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಅಂಗಿ ಹಾಕಿ ಬರಲಿ ಅಂತ ಕಾಯುತ್ತೇನೆ.

ಸ್ಟುಡಿಯೊ ಇಟ್ಟು ಇಪ್ಪತ್ತೈದು ವರ್ಷ ದಾಟಿತು. ಮದುವೆ, ಉಪನಯನ, ಗಲ್ಫಿಗೆ ಹೊರಟವರ ಪಾಸ್‌ಪೋರ್ಟ್ ಫೋಟೊ, ಹೊಟ್ಟೆಪಾಡು ಅದರಲ್ಲಿ. ಊರಿನ ಅಂಗಡಿ, ಕಸುಬು, ಅಲ್ಲಿ ಕೂತ ಮನುಷ್ಯರನ್ನು ತೆಗೆಯುವುದು ಬಿಡುವಿನ ಹುಚ್ಚು. ಈಗ ಅಂಗಡಿಯವರೇ ಮ್ಯಾಪಿಗೆ ಹಾಕಲಿಕ್ಕೆ, ವಾಟ್ಸಾಪ್ ಸ್ಟೇಟಸ್ಸಿಗೆ ಬೇಕು ಅಂತ ಕರೆಯುತ್ತಾರೆ. ಹಾಗಾಗಿ ಹುಚ್ಚಿಗೂ ಸ್ವಲ್ಪ ಕಾಸು ಸಿಗುತ್ತದೆ.

ಕಾಯುವುದನ್ನು ಕಲಿಸಿದ್ದು ಒಂದು ಪೆಟ್ಟು. ವರ್ಷಗಳ ಹಿಂದೆ ಒಬ್ಬ ಹಿರಿಯ ಕಿರಾಣಿ ಅಂಗಡಿಯವರ ಫೋಟೊ ತೆಗೆದಿದ್ದೆ. ಬನಿಯನ್ನಿನಲ್ಲಿ ತೂತು, ಮುಖದ ತುಂಬ ಸುಕ್ಕು, ಕಪ್ಪು ಬಿಳುಪು. ಒಂದು ಪ್ರದರ್ಶನದಲ್ಲಿ ದೊಡ್ಡದಾಗಿ ತೂಗುಹಾಕಿದ್ದೆವು, ಬಂದವರೆಲ್ಲ ಹೊಗಳಿದರು. ಎರಡನೇ ದಿನ ಅವರ ಮಗ ಬಂದ. ಸುಮಾರು ಹೊತ್ತು ನೋಡಿ, "ನಮ್ಮ ಅಪ್ಪ ಇಸ್ತ್ರಿ ಹಾಕದ ಅಂಗಿಯಲ್ಲಿ ಪೇಟೆಗೆ ಹೋದವರೇ ಅಲ್ಲ. ನೀವು ಅವರನ್ನು ಬೇಡುವವರ ಹಾಗೆ ಮಾಡಿದ್ದೀರಲ್ಲ ಮಾರಾಯ್ರೆ" ಅಂದ. ಗಲಾಟೆ ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭ ಇತ್ತು. ಸಂಜೆ ಹೋಗಿ ಫೋಟೊ ಇಳಿಸಿದೆ.

ಮೂರು ತಿಂಗಳು ಬಿಟ್ಟು ಧೈರ್ಯ ಮಾಡಿ ಆ ಅಂಗಡಿಗೆ ಮತ್ತೆ ಹೋದೆ. ಈ ಸಲ ಅವರು ಹೇಳಿದ ಹಾಗೆ ತೆಗೆದೆ. ಬಿಳಿ ಅಂಗಿ, ಬಾಚಿದ ತಲೆ, ಒಂದು ಕೈ ತಕ್ಕಡಿಯ ಮೇಲೆ, ಕಲ್ಲಿನ ಹಾಗೆ ನೇರ. ಫೋಟೊ ಮುಗಿಯಿತು ಅಂದ ಕೂಡಲೇ ಅವರ ಭುಜ ಎರಡು ಇಂಚು ಕೆಳಗಿಳಿಯಿತು. ಅಂಗಿ ಬಿಚ್ಚಿದರು. ಕಾಲರನ್ನು ಎರಡು ಬೆರಳಲ್ಲಿ ಹಿಡಿದು, ಸುಕ್ಕಾಗದ ಹಾಗೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಮೆಲ್ಲ ತೂಗುಹಾಕಿದರು. ನಾನು ಹುಡುಕುತ್ತಿದ್ದ ಫೋಟೊ ಆ ಮೊಳೆಯ ಹತ್ತಿರ ಸಿಕ್ಕಿತು. ಇದನ್ನು ಇಟ್ಟುಕೊಳ್ಳಬಹುದಾ ಅಂತ ತೋರಿಸಿ ಕೇಳಿದೆ. ನಕ್ಕು, "ಅದೆಂತ ಫೋಟೊ, ಬೆನ್ನು ಕಾಣ್ತದಷ್ಟೆ, ಇರಲಿ" ಅಂದರು.

ಅಂದಿನಿಂದ ಕ್ರಮ ಒಂದೇ. ಮೊದಲ ಫೋಟೊ ಅವರದು, ಅವರಿಗೆ ಬೇಕಾದ ಹಾಗೆ. ನನ್ನದು ಆಮೇಲೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಎಣ್ಮಕಜೆಯಂಥ ಪಂಚಾಯತುಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಜಾಸ್ತಿ. ನಿಂತದ್ದು 2000ದ ಹೊತ್ತಿಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆ ಹಾಕಿತು. ಆ ಹೋರಾಟಕ್ಕೆ ಕಾಯಿಲೆ ಬಿದ್ದ ಮಕ್ಕಳ ಫೋಟೊಗಳು ಬೇಕಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಮನೆಗೆ ಎಷ್ಟು ಕ್ಯಾಮೆರಾ ಹೋಗಬಹುದು? ಅಂಥದ್ದೊಂದು ಮನೆಯ ತಾಯಿ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾರೆ. ನನ್ನನ್ನು ನೋಡಿದ ತಕ್ಷಣ ಮುಖ ಮುಚ್ಚಿಕೊಂಡಿತು. ಅಂಗಡಿಗಳ, ಕಸುಬಿನವರ ಫೋಟೊ ತೆಗೆಯುತ್ತಿದ್ದೇನೆ ಅಂದ ಮೇಲೆ, "ಇಷ್ಟು ವರ್ಷ ಬಂದವರೆಲ್ಲ ಒಳಗಿನ ಕೋಣೆ ತೆಗೆದರು. ನಾನು ಹೊಲಿದ ರವಕೆ ಒಬ್ಬರೂ ತೆಗೆದಿಲ್ಲ" ಅಂದರು. ಆರು ರವಕೆ ತೆಗೆದೆ. ಹುಕ್ಕಿನ ಕಡೆಯ ಕೈಹೊಲಿಗೆ ಹತ್ತಿರದಿಂದ ಬೇಕು ಅಂತ ಅವರೇ ತೋರಿಸಿದರು. ಒಳಗಿನ ಕೋಣೆಗೆ ನಾನು ಹೋಗಲಿಲ್ಲ.

ಇನ್ನು ಬೆಳಕಿನ ವಿಷಯ. ಪುಸ್ತಕದಲ್ಲಿ ಬೆಳಗ್ಗೆ ಸಂಜೆ ತೆಗೆಯಿರಿ ಅಂತ ಬರೆದಿರುತ್ತದೆ. ಅಂಗಡಿಯವರಿಗೆ ಬೆಳಗ್ಗೆ ಸಂಜೆಯೇ ವ್ಯಾಪಾರ. ಅವರು ಬಿಡುವಾಗಿರುವುದು ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿ ಸುಡುವಾಗ. ಅದಕ್ಕೆ ಮದ್ದು ಉಂಟು. ಅವರನ್ನು ಅಂಗಡಿಯ ಒಳಗೂ ಅಲ್ಲ, ಹೊರಗೂ ಅಲ್ಲ, ಮಾಡಿನ ನೆರಳು ಮುಗಿಯುವ ಗೆರೆಯಿಂದ ಒಂದು ಹೆಜ್ಜೆ ಒಳಗೆ ನಿಲ್ಲಿಸಿ. ಮುಖ ರಸ್ತೆಯ ಕಡೆಗಿರಲಿ. ಎದುರಿನ ಅಂಗಳವೇ ಬೆಳಕು ಕೊಡುತ್ತದೆ. ನಮ್ಮ ಮುರಕಲ್ಲಿನ ಮಣ್ಣು ಗಲ್ಲದ ಕೆಳಗೆ ಸ್ವಲ್ಪ ಕೆಂಪು ಹಾಕುತ್ತದೆ, ಅದು ಚಂದವೇ. ಅಡಿಕೆ ಒಣಗುವ ಕಾಲವಾದರೆ ಕೇಳುವುದೇ ಬೇಡ. ಹಣ್ಣಡಿಕೆ ಒಣಗಿ ಚಾಲಿ ಆಗಲು ನಲವತ್ತು ನಲವತ್ತೈದು ದಿನ ಬಿಸಿಲು ಬೇಕು. ಅಷ್ಟು ದಿನವೂ ಅಂಗಳವೆಲ್ಲ ದೊಡ್ಡ ಹಳದಿ ರಿಫ್ಲೆಕ್ಟರ್. ದುಡ್ಡು ಕೊಟ್ಟರೂ ಅಂಥದ್ದು ಸಿಗಲಿಕ್ಕಿಲ್ಲ.

ತೋಟದ ಒಳಗೆ ಮಾತ್ರ ಜಾಗ್ರತೆ. ಅಡಿಕೆ ಸೋಗೆಯಿಂದ ಇಳಿಯುವ ಬೆಳಕು ಮುಖಕ್ಕೆ ಹಸಿರು ಹಚ್ಚುತ್ತದೆ, ಕಾಯಿಲೆ ಬಿದ್ದವರ ಹಾಗೆ ಕಾಣುತ್ತಾರೆ. ಮಳೆಗಾಲದಲ್ಲಿ ನೀಲಿ ಟಾರ್ಪಾಲಿನ ಅಡಿ ನಿಂತವರ ಕತೆಯೂ ಅದೇ, ಬಣ್ಣ ಮಾತ್ರ ಬೇರೆ. ಎರಡಕ್ಕೂ ಕಂಪ್ಯೂಟರಿನಲ್ಲಿ ಒದ್ದಾಡುವ ಬದಲು ಮುಖದ ಹತ್ತಿರ ಒಂದು ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಸೆಟ್ಟಿಂಗ್) ಹೊಂದಿಸಿ, ಅಥವಾ ಎರಡು ಹೆಜ್ಜೆ ಆಚೆ ಕರೆದುಕೊಂಡು ಬನ್ನಿ. ಮೊಬೈಲಿನಲ್ಲಿ ತೆಗೆಯುವವರು ಬ್ಯೂಟಿ ಫಿಲ್ಟರ್ ಆಫ್ ಮಾಡಿ. ನಮ್ಮ ಜನರ ಮೈಬಣ್ಣವನ್ನು ಬಿಳಿಚುವುದು ಅಂದರೆ ಅದಕ್ಕೆ ಭಾರೀ ಆಸೆ. ಸ್ಕ್ರೀನಿನಲ್ಲಿ ಕಾಣುವ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕನ್ನು ಸ್ವಲ್ಪ ಇಳಿಸಿ ತೆಗೆದರೆ ಬಣ್ಣ ನಿಲ್ಲುತ್ತದೆ, ಬಿಳಿ ಮುಂಡಿನ ಮಡಿಕೆಯೂ ಉಳಿಯುತ್ತದೆ.

ಟ್ಯೂಬ್‌ಲೈಟಿನ ಅಂಗಡಿಗಳಲ್ಲಿ ಫೋಟೊದಲ್ಲಿ ಅಡ್ಡ ಪಟ್ಟೆ ಬರುತ್ತದೆ ಅಂತ ಸುಮಾರು ಜನ ಕೇಳುತ್ತಾರೆ. ನಮ್ಮ ಕರೆಂಟ್ 50 ಹರ್ಟ್ಸಿನದು. ಹಾಗಾಗಿ ಚೋಕ್ ಇರುವ ಹಳೆ ಟ್ಯೂಬು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 1/100 ಅಥವಾ 1/50ರಲ್ಲಿ ಇಟ್ಟರೆ ಪಟ್ಟೆ ಹೋಗುತ್ತದೆ. ಸಾಧ್ಯವಾದರೆ ಲೈಟೇ ಆರಿಸಿ.

ಹಾಳೆತಟ್ಟೆ ಘಟಕದಲ್ಲಿ ನಾನು ಹಾಗೇ ಮಾಡುವುದು. ಅಲ್ಲಿ ತೆಗೆಯಬೇಕಾದದ್ದು ಹಬೆಯನ್ನು. ನೆನೆಹಾಕಿ ತೊಳೆದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತಿದ ಕೂಡಲೇ ಚುಸ್ ಅಂತ ಹಬೆ ಏಳುತ್ತದೆ. ಒದ್ದೆ ಹುಲ್ಲು ಬೇಯಿಸಿದ ಹಾಗೆ ಒಂದು ವಾಸನೆ. ಹಬೆ ಇರುವುದು ಎರಡು ಮೂರು ಸೆಕೆಂಡು ಅಷ್ಟೆ. ಎದುರಿನಿಂದ ಫ್ಲಾಶ್ ಹೊಡೆದರೆ ಮಂಜಿನ ಗೋಡೆ, ಹಿಂದೆ ನಿಂತ ಹೆಂಗಸು ಮಾಯ. ಅದರ ಬದಲು ಅವರ ಹಿಂದಿನ ಒಂದು ಕಿಟಕಿ ಮಾತ್ರ ತೆರೆಯಿರಿ. ಬೆಳಕು ಓರೆಯಾಗಿ ಬರಬೇಕು, ಹಬೆಯ ಹಿಂದೆ ಕತ್ತಲೆ ಗೋಡೆ ಇರಬೇಕು. ಆಗ ಹಬೆಯ ಒಂದೊಂದು ಎಳೆ ಕಾಣುತ್ತದೆ. ಮೊದಲ ಹತ್ತು ತಟ್ಟೆ ಸುಮ್ನೆ ನೋಡಿ. ಕೈ ಯಾವಾಗ ಹಿಂದೆ ಬರುತ್ತದೆ, ಮುಖ ಯಾವ ಕಡೆ ತಿರುಗುತ್ತದೆ ಅಂತ ಗೊತ್ತಾಗುತ್ತದೆ. ಹನ್ನೊಂದನೆಯದಕ್ಕೆ ಕ್ಯಾಮೆರಾ ಎತ್ತಿ. ನೆನಪಿಡಿ, ಅಚ್ಚು ಕೆಂಡದ ಹಾಗೆ ಬಿಸಿ. "ಸ್ವಲ್ಪ ಈ ಕಡೆ ನೋಡಿ ಅಕ್ಕ" ಅಂತ ಕೆಲಸದ ನಡುವೆ ಕರೆಯಬೇಡಿ. ಫೋಟೊಕ್ಕೆ ನೋಡಲು ಹೋಗಿ ಬೆರಳು ಸುಟ್ಟುಕೊಂಡರೆ ಯಾರು ಗತಿ?

ಕೈಮಗ್ಗದಲ್ಲಿ ಇದರ ಉಲ್ಟಾ. ಕಾಸರಗೋಡು ಸೀರೆಗೆ 2010ರಲ್ಲಿ ಜಿಐ, ಅಂದರೆ ಈ ಊರಿನದ್ದೇ ಅಂತ ಗುರುತಿಸುವ ಮಾನ್ಯತೆ ಸಿಕ್ಕಿದೆ, ನೇಯುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಅಲ್ಲಿ ಶಟರ್ 1/15ಕ್ಕೆ ಇಳಿಸಿ, ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿಯಿರಿ. ಲಾಳಿ ಎಳೆಯುವ ಕೈ ಮಸುಕಾಗಿ ಓಡುತ್ತದೆ, ಮುಖ ಸ್ಪಷ್ಟ ನಿಲ್ಲುತ್ತದೆ.

ಬೋರ್ಡುಗಳನ್ನು ಬಿಡಬೇಡಿ. ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳುತ್ತೇವೆ, ಅದು ನಿಜವಾಗಿ ಕಾಣುವುದು ಅಂಗಡಿ ಬೋರ್ಡಿನಲ್ಲಿ. ಮೇಲೆ ಮಲಯಾಳ, ಕೆಳಗೆ ಕನ್ನಡ, ಮೂಲೆಯಲ್ಲಿ ಇಂಗ್ಲಿಷ್, ಒಳಗೆ ಮಾತು ತುಳುವಿನಲ್ಲಿ. ಕೈಯಲ್ಲಿ ಬರೆದ ಬೋರ್ಡು ಹೋಗಿ ಫ್ಲೆಕ್ಸ್ ಬಂತು. ಕೈಬರಹದ ಕನ್ನಡ ಬೋರ್ಡು ಕಂಡರೆ ನಾನು ಸ್ಕೂಟರ್ ನಿಲ್ಲಿಸಿಯೇ ನಿಲ್ಲಿಸುತ್ತೇನೆ. ಮೇಜಿನ ಮೇಲಿನ ಕ್ಯೂಆರ್ ಕೋಡನ್ನು ಕೆಲವರು ಅಡ್ಡ ಅಂತ ತೆಗೆದಿಡುತ್ತಾರೆ. ಇರಲಿ ಬಿಡಿ. ಇಪ್ಪತ್ತು ವರ್ಷ ಕಳೆದು ನೋಡುವವರಿಗೆ ಇಸವಿ ಹೇಳುವುದು ಅದೇ.

ದುಡ್ಡಿನ ವಿಷಯದಲ್ಲಿ ಒಂದು ಮಾತು. ಅಂಗಡಿಯವರು ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರದ್ದೇ. 1957ರ ಕಾಪಿರೈಟ್ ಕಾಯಿದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ. ನಾವು ಫೋಟೊಗ್ರಾಫರುಗಳು ಇದನ್ನು ಮರೆತು ನಮ್ಮ ಹೆಸರು ಬರೆದು ಎಲ್ಲೆಂದರಲ್ಲಿ ಹಾಕುತ್ತೇವೆ. ನಮಗೂ ಬೇಕಿದ್ದರೆ ಮೊದಲೇ ಒಂದು ಚೀಟಿಯಲ್ಲಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದು ಸಹಿ ಹಾಕಿಸಿಕೊಳ್ಳಬೇಕು. ಮಕ್ಕಳಿದ್ದರೆ ತಂದೆ ತಾಯಿಯ ಸಹಿ.

ಜೂನ್ ಬಂತೆಂದರೆ ಲೆನ್ಸಿಗೆ ಫಂಗಸ್ ಭಯ. ಚರ್ಮದ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟು ಸಾಕು. ನನ್ನ ಒಂದು ಒಳ್ಳೆ ಲೆನ್ಸ್ ಹಾಗೇ ಹೋಯಿತು, ಆ ಕತೆ ಬೇಡ.

ಫೋಟೊ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಆದರೂ ನಾನು ಒಂದು ಪ್ರಿಂಟ್ ಕೈಯಲ್ಲಿ ಹಿಡಿದೇ ಹೋಗುತ್ತೇನೆ. ಕಳೆದ ತಿಂಗಳು ಒಬ್ಬ ಟೈಲರಣ್ಣನಿಗೆ ಕೊಂಡುಹೋಗಿದ್ದೆ. ಕಿಟಕಿ ಬೆಳಕು, ಕುತ್ತಿಗೆಯಲ್ಲಿ ಟೇಪು, ಹಿಂದೆ ಬಣ್ಣಬಣ್ಣದ ನೂಲಿನ ಉಂಡೆಗಳು. ಈ ವರ್ಷದ ನನ್ನ ಒಳ್ಳೆಯ ಫೋಟೊ ಅಂತ ಒಳಗೊಳಗೇ ಖುಷಿ. ಅವರು ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು.

"ಮುಖ ಲಾಯ್ಕ ಬಂದಿದೆ" ಅಂದರು. "ಇದರದ್ದೇ ಪಾಸ್‌ಪೋರ್ಟ್ ಸೈಜ್ ಮಾಡಲಿಕ್ಕೆ ಆಗ್ತದಾ? ಕ್ಷೇಮನಿಧಿಯ ಕಾರ್ಡಿಗೆ ಬೇಕಿತ್ತು."

ನೂಲಿನ ಉಂಡೆಗಳನ್ನೆಲ್ಲ ಅಳಿಸಿ, ಹಿಂದೆ ಬಿಳಿ ಮಾಡಿ, ಎಂಟು ಕಾಪಿ ಹಾಕಿ ಕೊಟ್ಟೆ.